ಅಡೆನೋಸಿನ್ ಎಂಬ ಹಿನ್ನೆಲೆ

ನಮ್ಮ ದೇಹದ ಎಲ್ಲ ಕೋಶಗಳೂ ಉಂಟುಮಾಡುವ ಅಡೆನೋಸಿನ್ ಎಂಬ ರಾಸಾಯನಿಕದ ಕುರಿತ ಪ್ರಯೋಗಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅಡೆನೋಸಿನ್ ಅನ್ನು ಬಳಸದೇ ಮಾಡುವ ಪ್ರಯೋಗ.

ಇಲಿಯ ಮಿದುಳಿನಿಂದ ಹಿಪೊಕ್ಯಾಂಪಸ್ ಎಂಬ ಭಾಗವನ್ನು ತೆಗೆದು ಸುಮಾರು 400 ಮೈಕ್ರೋಮೀಟರ್ ದಪ್ಪದ, ಅಂದರೆ ಅರ್ಧ ಮಿಲಿಮೀಟರಿಗೂ ಕಡಿಮೆ ದಪ್ಪದ ಹೋಳುಗಳನ್ನು ಮಾಡುತ್ತೇವೆ. ಮಿದುಳುದ್ರವವನ್ನು ಹೋಲುವ ಲವಣದ್ರಾವಣದಲ್ಲಿ ಅವನ್ನು ಇಟ್ಟು, 95% ಆಮ್ಲಜನಕ ಮತ್ತು 5% ಇಂಗಾಲದ ಡೈಆಕ್ಸೈಡ್ ಬೆರೆತ ಅನಿಲವನ್ನು ಗುಳ್ಳೆಗುಳ್ಳೆಯಾಗಿ ಹಾಯಿಸುತ್ತಿದ್ದರೆ ಹೋಳು ಹಲವು ಗಂಟೆಗಳ ಕಾಲ ಬದುಕಿರುತ್ತದೆ. ಸೂಕ್ಷ್ಮದರ್ಶಕದಡಿ ನೋಡುತ್ತ ನರತಂತುಗಳ ಒಂದು ಕಟ್ಟಿನ ಮೇಲೆ ಪ್ರಚೋದಕ ವಿದ್ಯುದಗ್ರವನ್ನು ಇಡುತ್ತೇವೆ. ಆ ತಂತುಗಳು ಹೋಗಿ ಮುಟ್ಟುವ ಕಡೆ ಕೂದಲಿಗಿಂತ ತೆಳುವಾದ ತುದಿಯ ಗಾಜಿನ ವಿದ್ಯುದಗ್ರವನ್ನು ಇಳಿಸುತ್ತೇವೆ. ಅರ್ಧ ನಿಮಿಷಕ್ಕೊಮ್ಮೆ ಒಂದು ಸಣ್ಣ ವಿದ್ಯುತ್ ಸ್ಪಂದ. ಪ್ರತಿ ಸ್ಪಂದಕ್ಕೂ ಕಂಪ್ಯೂಟರ್ ತೆರೆಯ ಮೇಲೆ ರೇಖೆ ಕೆಳಕ್ಕೆ ಬಾಗಿ ಮತ್ತೆ ಮೇಲೇಳುತ್ತದೆ. ಸಾವಿರಾರು ಸೈನಾಪ್ಸ್‌ಗಳು, ಅಂದರೆ ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಸಂಧಿಗಳು, ಒಟ್ಟಿಗೆ ಕೊಟ್ಟ ಉತ್ತರ ಅದು. ಆ ತಗ್ಗಿನ ಇಳಿಜಾರು ಎಷ್ಟು ಕಡಿದಾಗಿದೆ ಎಂಬುದೇ ನಮ್ಮ ಅಳತೆ.

ಇಪ್ಪತ್ತು ನಿಮಿಷ ಅಳತೆ ಏರದೆ ಇಳಿಯದೆ ಸಮನಾಗಿ ಬಂದರೆ ಅದನ್ನು ಮೂಲರೇಖೆ ಎಂದು ಕರೆಯುತ್ತೇವೆ. ಆಮೇಲೆ ದ್ರಾವಣಕ್ಕೆ ಡಿಪಿಸಿಪಿಎಕ್ಸ್ ಎಂಬ ರಾಸಾಯನಿಕವನ್ನು ಸೇರಿಸುತ್ತೇವೆ. ಅದು ಎ1 ಗ್ರಾಹಕದಲ್ಲಿ, ಅಂದರೆ ಅಡೆನೋಸಿನ್ ಬಂದು ಕೂರುವ, ಕೋಶದ ಪೊರೆಯ ಮೇಲಿನ ಒಂದು ಪ್ರೋಟೀನ್‌ನಲ್ಲಿ, ಕುಳಿತು ಬಾಗಿಲು ಹಾಕಿಕೊಳ್ಳುತ್ತದೆ, ಅಷ್ಟೆ. ಸ್ವತಃ ಯಾವ ಸಂದೇಶವನ್ನೂ ಕೊಡುವುದಿಲ್ಲ. ಆದರೂ ಕೆಲವೇ ನಿಮಿಷಗಳಲ್ಲಿ ತಗ್ಗು ಆಳವಾಗತೊಡಗುತ್ತದೆ. ಅದೇ ಸ್ಪಂದ, ಅದೇ ತಂತುಗಳು, ಉತ್ತರ ಮಾತ್ರ ದೊಡ್ಡದು.

ಅಂದರೆ ಆ ಇಪ್ಪತ್ತು ನಿಮಿಷವೂ ಯಾರೋ ಅದನ್ನು ಅದುಮಿ ಹಿಡಿದಿದ್ದರು. ನಾವು ಸಹಜ ಸ್ಥಿತಿ ಎಂದು ಗುರುತು ಹಾಕಿಕೊಂಡ ಮೂಲರೇಖೆ ಸಹಜವೇನೋ ಹೌದು, ಆದರೆ ಅದು ಶೂನ್ಯವಲ್ಲ. ಅಡೆನೋಸಿನ್ ಹಾಕಿದ ಕಡಿವಾಣದೊಳಗಿನ ಸ್ಥಿತಿ ಅದು. ಈ ವಿಷಯದಲ್ಲಿ ಎಷ್ಟು ವರ್ಷ ಕೆಲಸ ಮಾಡಿದರೂ ನನಗೆ ಮುಖ್ಯವೆನಿಸುವುದು ಇದೊಂದೇ. ನಿದ್ರೆ, ಕಾಫಿ, ಪಾರ್ಕಿನ್ಸನ್, ಮೂರ್ಛೆರೋಗ, ಎಲ್ಲವೂ ಇದರ ಬೆನ್ನಿಗೆ ಬರುವ ಸಂಗತಿಗಳು.

ನರವಿಜ್ಞಾನ ಕಲಿತವರಿಗೆಲ್ಲ ಒಂದು ಚಿತ್ರ ತಲೆಯಲ್ಲಿ ಅಚ್ಚೊತ್ತಿರುತ್ತದೆ. ಒಂದು ನರಕೋಶದ ತುದಿಯಲ್ಲಿ ಪುಟ್ಟ ಪುಟ್ಟ ಚೀಲಗಳು, ಅವುಗಳೊಳಗೆ ರಾಸಾಯನಿಕ. ಸಂಕೇತ ಬಂದಾಗ ಚೀಲ ಒಡೆದು ರಾಸಾಯನಿಕ ಆಚೆಗೆ ಹಾರಿ ಎದುರಿನ ಕೋಶವನ್ನು ಮುಟ್ಟುತ್ತದೆ. ಗ್ಲುಟಮೇಟ್, ಗಾಬಾ, ಡೋಪಮೈನ್ ಎಲ್ಲವೂ ಈ ಚಿತ್ರಕ್ಕೆ ಹೆಚ್ಚುಕಡಿಮೆ ಹೊಂದುತ್ತವೆ. ಅಡೆನೋಸಿನ್ ಹೊಂದುವುದಿಲ್ಲ. ಅದಕ್ಕೆ ತನ್ನದೇ ಆದ ನರಕೋಶಗಳಿಲ್ಲ. ಡೋಪಮೈನ್ ಕೋಶಗಳ ನಕ್ಷೆ ಬರೆದಂತೆ ಅಡೆನೋಸಿನ್ ಕೋಶಗಳ ನಕ್ಷೆ ಬರೆಯಲು ಬರುವುದಿಲ್ಲ. ಎಲ್ಲ ಕೋಶಗಳೂ ಅದನ್ನು ಉಂಟುಮಾಡುತ್ತವೆ, ಏಕೆಂದರೆ ಬದುಕಿರುವ ಯಾವ ಕೋಶವೂ ಎಟಿಪಿ ಎಂಬ ಶಕ್ತಿಯ ನಾಣ್ಯವನ್ನು ಖರ್ಚು ಮಾಡದೆ ಇರಲಾರದು.

ಎಟಿಪಿಯಲ್ಲಿ ಒಂದು ಅಡೆನೋಸಿನ್‌ಗೆ ಮೂರು ಫಾಸ್ಫೇಟ್‌ಗಳು ಸಾಲಾಗಿ ಅಂಟಿಕೊಂಡಿರುತ್ತವೆ. ಒಂದು ಕಳಚಿದರೆ ಎಡಿಪಿ, ಎರಡು ಕಳಚಿದರೆ ಎಎಂಪಿ, ಮೂರೂ ಹೋದರೆ ಬರಿಯ ಅಡೆನೋಸಿನ್. ಇಲ್ಲಿರುವ ಲೆಕ್ಕಾಚಾರ ಸೊಗಸಾಗಿದೆ. ಕೋಶದೊಳಗೆ ಎಟಿಪಿಯ ಪ್ರಮಾಣ ಮಿಲಿಮೋಲಾರ್ ಮಟ್ಟದಲ್ಲಿರುತ್ತದೆ, ಎಎಂಪಿಯದು ಅದರ ಸಣ್ಣದೊಂದು ಪಾಲು. ಎಟಿಪಿ 100, ಎಎಂಪಿ 1 ಎಂದಿಟ್ಟುಕೊಳ್ಳಿ. ಕೆಲಸ ಜೋರಾಗಿ ಎಟಿಪಿಯಲ್ಲಿ ಎರಡೇ ಎರಡು ಪಾಲು ಇಳಿದು ಅಷ್ಟೂ ಎಎಂಪಿ ಆದರೆ, ಎಟಿಪಿಯ ಮಟ್ಟಿಗೆ ಅದು ಗಮನಕ್ಕೂ ಬಾರದ ಇಳಿಕೆ. ಎಎಂಪಿ ಮಾತ್ರ ಮೂರು ಪಟ್ಟಾಗಿರುತ್ತದೆ. ಅದರ ಹಿಂದೆಯೇ ಅಡೆನೋಸಿನ್ ಏರುತ್ತದೆ. ಶಕ್ತಿಯ ಕೊರತೆ ನಿಜಕ್ಕೂ ತಟ್ಟುವ ಮೊದಲೇ ಸುದ್ದಿ ಹೊರಗೆ ಹೋಗಿರುತ್ತದೆ.

ಹೊರಗೆ ಬರಲು ದಾರಿಗಳು ಎರಡು. ಕೋಶದೊಳಗೆ ಉಂಟಾದ ಅಡೆನೋಸಿನ್ ಪೊರೆಯಲ್ಲಿರುವ ಸಾಗಣೆ ಪ್ರೋಟೀನ್‌ಗಳ ಮೂಲಕ ನೇರವಾಗಿ ಹೊರಬೀಳಬಹುದು. ಇಲ್ಲವೇ ಎಟಿಪಿಯೇ ಹೊರಬಂದು, ಪೊರೆಯ ಹೊರಮೈಯಲ್ಲಿ ಕಾಯುತ್ತಿರುವ ಸಿಡಿ39 ಮತ್ತು ಸಿಡಿ73 ಎಂಬ ಕಿಣ್ವಗಳ ಕೈಗೆ ಸಿಕ್ಕಿ ಫಾಸ್ಫೇಟ್‌ಗಳನ್ನು ಕಳೆದುಕೊಳ್ಳಬಹುದು. ಆಸ್ಟ್ರೋಸೈಟ್ ಎಂಬ, ನರಕೋಶಗಳಲ್ಲದ ಮಿದುಳಿನ ಕೋಶಗಳೂ ಈ ವ್ಯವಹಾರದಲ್ಲಿ ಪಾಲುದಾರರು. ಬಂದದ್ದು ಬಹಳ ಹೊತ್ತು ಉಳಿಯುವುದಿಲ್ಲ. ಅಡೆನೋಸಿನ್ ಕೈನೇಸ್ ಎಂಬ ಕಿಣ್ವ ಅದನ್ನು ಮರಳಿ ಎಎಂಪಿ ಮಾಡುತ್ತದೆ, ಅಡೆನೋಸಿನ್ ಡಿಅಮಿನೇಸ್ ಅದನ್ನು ಇನೊಸಿನ್ ಆಗಿ ಬದಲಾಯಿಸುತ್ತದೆ. ರಕ್ತದಲ್ಲಂತೂ ಅದರ ಅರ್ಧಾಯುಷ್ಯ ಹತ್ತು ಸೆಕೆಂಡಿಗೂ ಕಡಿಮೆ. ಇಷ್ಟು ಬೇಗ ಕಾಣೆಯಾಗುವ ವಸ್ತು ಸದಾ ಇರುವಂತೆ ತೋರುವುದಕ್ಕೆ ಕಾರಣ ಒಂದೇ: ಅದು ಎಡೆಬಿಡದೆ ಹುಟ್ಟುತ್ತಲೇ ಇರುತ್ತದೆ.

ಈ ಕಥೆ ಮಿದುಳಿನಲ್ಲಿ ಶುರುವಾದದ್ದಲ್ಲ, ಹೃದಯದಲ್ಲಿ. 1929ರಲ್ಲಿ ಕೇಂಬ್ರಿಜ್‌ನಲ್ಲಿ ಅಲನ್ ಡ್ರುರಿ ಮತ್ತು ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಅಡೆನೋಸಿನ್ ಮತ್ತು ಅದರ ಬಂಧುಗಳು ಹೃದಯದ ಬಡಿತವನ್ನು ನಿಧಾನಗೊಳಿಸುತ್ತವೆ, ರಕ್ತನಾಳಗಳನ್ನು ಹಿಗ್ಗಿಸುತ್ತವೆ ಎಂದು ತೋರಿಸಿದರು. ಸೆಂಟ್-ಗ್ಯೋರ್ಗಿ ಮುಂದೆ ಸಿ ಜೀವಸತ್ವದ ಕೆಲಸಕ್ಕೆ ಹೆಸರಾದವರು, 1937ರ ನೊಬೆಲ್ ಪುರಸ್ಕೃತರು. 1954ರಲ್ಲಿ ಫೆಲ್ಡ್‌ಬರ್ಗ್ ಮತ್ತು ಶೆರ್ವುಡ್ ಬೆಕ್ಕಿನ ಮಿದುಳಿನ ದ್ರವಕೋಣೆಯೊಳಕ್ಕೆ ಅಡೆನೋಸಿನ್ ಹಾಕಿದಾಗ ಬೆಕ್ಕು ನಿದ್ದೆಯಂಥ ಸ್ಥಿತಿಗೆ ಜಾರಿತು. ಆಗ ಗ್ರಾಹಕ ಎಂಬ ಮಾತನ್ನು ಯಾರೂ ಆಡಲಿಲ್ಲ. ಆಡುವುದಕ್ಕೆ ಆಧಾರವೂ ಇರಲಿಲ್ಲ.

ಆಧಾರ ಸಿಕ್ಕಿದ್ದು 1970ರಲ್ಲಿ, ಆಲ್ಬರ್ಟ್ ಸ್ಯಾಟಿನ್ ಮತ್ತು ಥಿಯೊಡೋರ್ ರಾಲ್ ಅವರ ಪ್ರಯೋಗದಿಂದ. ಅದರ ತರ್ಕ ಈಗಲೂ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಲು ಯೋಗ್ಯವಾದದ್ದು. ಕಾಫಿಯಲ್ಲಿರುವ ಕೆಫೀನ್ ಮತ್ತು ಅದರ ಬಂಧುವಾದ ಥಿಯೊಫಿಲಿನ್ ಹೇಗೆ ಕೆಲಸ ಮಾಡುತ್ತವೆ ಎಂಬುದಕ್ಕೆ ಆ ಕಾಲದಲ್ಲಿ ಒಪ್ಪಿತವಾದ ಒಂದು ವಿವರಣೆ ಇತ್ತು: ಸೈಕ್ಲಿಕ್ ಎಎಂಪಿ ಎಂಬ ಒಳಸಂದೇಶವಾಹಕವನ್ನು ಒಡೆಯುವ ಕಿಣ್ವವನ್ನು ಅವು ತಡೆಯುತ್ತವೆ, ಹಾಗಾಗಿ ಸೈಕ್ಲಿಕ್ ಎಎಂಪಿ ಹೆಚ್ಚುತ್ತದೆ. ಗಿನಿ ಪಿಗ್‌ನ ಮಿದುಳಿನ ಹೋಳುಗಳಿಗೆ ಅಡೆನೋಸಿನ್ ಹಾಕಿದಾಗ ಸೈಕ್ಲಿಕ್ ಎಎಂಪಿ ಭರ್ಜರಿಯಾಗಿ ಏರಿತು. ಜೊತೆಗೆ ಥಿಯೊಫಿಲಿನ್ ಹಾಕಿದರೆ? ಹಳೆಯ ವಿವರಣೆ ಸರಿಯಾಗಿದ್ದರೆ ಇನ್ನೂ ಏರಬೇಕಿತ್ತು. ಆದದ್ದು ತದ್ವಿರುದ್ಧ, ಏರಿಕೆಯೇ ಕುಗ್ಗಿತು. ಎರಡೂ ಒಂದೇ ಜಾಗಕ್ಕಾಗಿ ಪೈಪೋಟಿ ನಡೆಸುತ್ತಿದ್ದವು. ಅಂಥ ಜಾಗವೊಂದು ಇದೆ ಎನ್ನುವುದಕ್ಕೆ ಅದು ಸಾಕ್ಷಿ.

ಹಾಗಿದ್ದೂ ಹಳೆಯ ವಿವರಣೆ ಬೇಗ ಸಾಯಲಿಲ್ಲ. ಪಠ್ಯಗಳಲ್ಲಿ ಒಮ್ಮೆ ಬಂದ ಮಾತು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಆ ಕಿಣ್ವವನ್ನು ಚೆನ್ನಾಗಿ ತಡೆಯಲು ಕೆಫೀನ್ ಮಿಲಿಮೋಲಾರ್‌ನ ಆಸುಪಾಸಿನಲ್ಲಿ ಬೇಕು, ಮತ್ತು ರಕ್ತದಲ್ಲಿ ಅಷ್ಟು ಏರುವ ಮೊದಲೇ ಮನುಷ್ಯನ ಪ್ರಾಣಕ್ಕೆ ಸಂಚಕಾರ ಬಂದಿರುತ್ತದೆ. ಒಂದೆರಡು ಲೋಟ ಕಾಫಿ ಕುಡಿದವನ ರಕ್ತದಲ್ಲಿ ಇರುವುದು ಅದರ ನೂರರಲ್ಲಿ ಒಂದು ಪಾಲಿನಷ್ಟು. ಅಡೆನೋಸಿನ್ ಗ್ರಾಹಕಗಳನ್ನು ಮುಚ್ಚಲು ಅಷ್ಟೇ ಸಾಕು. 1981ರಲ್ಲಿ ಸಾಲೊಮನ್ ಸ್ನೈಡರ್ ಮತ್ತು ಸಂಗಡಿಗರು ಕೆಫೀನ್ ಕುಟುಂಬದ ಹಲವು ರಾಸಾಯನಿಕಗಳನ್ನು ತೆಗೆದುಕೊಂಡು, ಅವು ಗ್ರಾಹಕಕ್ಕೆ ಎಷ್ಟು ಬಿಗಿಯಾಗಿ ಅಂಟುತ್ತವೆ ಎಂಬುದನ್ನೂ ಇಲಿಗಳನ್ನು ಎಷ್ಟು ಚುರುಕುಗೊಳಿಸುತ್ತವೆ ಎಂಬುದನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದ ಮೇಲೆ ವಾದ ಬಹುಮಟ್ಟಿಗೆ ಮುಗಿಯಿತು.

ಗ್ರಾಹಕಗಳಲ್ಲಿ ಒಂದಕ್ಕಿಂತ ಹೆಚ್ಚು ಬಗೆಗಳಿವೆ ಎಂಬುದು 1970ರ ದಶಕದ ಕೊನೆಗೆ ಗೊತ್ತಾಗಿತ್ತು. ಅವುಗಳ ವಂಶವಾಹಿ ಸಿಕ್ಕ ಬಗೆ ಮಾತ್ರ ತಮಾಷೆಯದು. 1989ರಲ್ಲಿ ಬ್ರಸೆಲ್ಸ್‌ನ ಸಂಶೋಧಕರು ನಾಯಿಯ ಥೈರಾಯ್ಡ್ ಗ್ರಂಥಿಯಲ್ಲಿ ಬೇರೇನನ್ನೋ ಹುಡುಕುತ್ತ ಕೆಲವು ಅನಾಮಧೇಯ ಗ್ರಾಹಕಗಳನ್ನು ಕಂಡರು. ಯಾವುದಕ್ಕೆ ಓಗೊಡುತ್ತವೆ ಎಂದು ತಿಳಿಯದ ಇಂಥವಕ್ಕೆ ನಮ್ಮ ವಲಯದಲ್ಲಿ ಅನಾಥ ಗ್ರಾಹಕಗಳೆಂದೇ ಹೆಸರು. ಆರ್‌ಡಿಸಿ7 ಮತ್ತು ಆರ್‌ಡಿಸಿ8 ಎಂಬ ಎರಡು ಅನಾಥರು ಮುಂದೆ ಎ1 ಮತ್ತು ಎ2ಎ ಎಂದು ಗುರುತಾದವು. ಎ2ಬಿ, ಎ3 ಆಮೇಲೆ ಸೇರಿ ಒಟ್ಟು ನಾಲ್ಕಾದವು. ಎ2ಬಿಯನ್ನು ಎಬ್ಬಿಸಲು ಹೆಚ್ಚು ಅಡೆನೋಸಿನ್ ಬೇಕು, ಹಾಗಾಗಿ ಅದು ಆಪತ್ಕಾಲದ ಗ್ರಾಹಕ. ಎ3 ಬಗ್ಗೆ ಉತ್ಸಾಹದಿಂದ ಮಾತನಾಡುವ ಸಹೋದ್ಯೋಗಿಗಳಿದ್ದಾರೆ. ನಾನು ಅವರಲ್ಲೊಬ್ಬನಲ್ಲ.

ಮಿದುಳಿನ ದಿನನಿತ್ಯದ ವ್ಯವಹಾರದಲ್ಲಿ ಮುಖ್ಯವಾದವು ಎ1 ಮತ್ತು ಎ2ಎ. ಎರಡರ ಸ್ವಭಾವ ಉತ್ತರ ದಕ್ಷಿಣ. ಎ1 ಸೈಕ್ಲಿಕ್ ಎಎಂಪಿಯನ್ನು ಇಳಿಸುತ್ತದೆ, ಎ2ಎ ಏರಿಸುತ್ತದೆ. ಎ1 ಮಿದುಳಿನ ತುಂಬ ಹರಡಿಕೊಂಡಿದೆ. ಹಿಪೊಕ್ಯಾಂಪಸ್, ಮಿದುಳಿನ ತೊಗಟೆ, ಕಿರುಮಿದುಳು, ಎಲ್ಲೆಡೆಯೂ ಧಾರಾಳ. ಸಂದೇಶ ಕಳಿಸುವ ತುದಿಯಲ್ಲಿ ಅದು ಕ್ಯಾಲ್ಸಿಯಂ ಒಳಬರುವ ಕಾಲುವೆಗಳನ್ನು ಕಿರಿದಾಗಿಸುತ್ತದೆ. ಕ್ಯಾಲ್ಸಿಯಂ ಇಲ್ಲದೆ ಚೀಲಗಳು ಒಡೆಯವು, ಗ್ಲುಟಮೇಟ್ ಹೊರಬೀಳದು. ಸಂದೇಶ ಪಡೆಯುವ ಕಡೆಯಲ್ಲಿ ಪೊಟ್ಯಾಸಿಯಂ ಕಾಲುವೆಗಳನ್ನು ತೆರೆದು ಕೋಶವನ್ನು ಇನ್ನಷ್ಟು ಜಡಗೊಳಿಸುತ್ತದೆ. ಹೇಳುವವನ ದನಿ ತಗ್ಗಿತು, ಕೇಳುವವನ ಕಿವಿಯೂ ಮಂದವಾಯಿತು. ಎ2ಎ ಹಾಗಲ್ಲ, ಅದು ಹೆಚ್ಚಾಗಿ ಸ್ಟ್ರಯೇಟಮ್ ಎಂಬ ಒಂದು ಪ್ರದೇಶದಲ್ಲಿ ಕಿಕ್ಕಿರಿದಿದೆ. ಅದರ ಬಗ್ಗೆ ಮುಂದೆ ಬರುತ್ತೇನೆ.

ಎ1ನ ಕಡಿವಾಣ ಯಾತಕ್ಕಾಗಿ ಎಂಬುದು ಅದೇ ಹೋಳಿನಲ್ಲಿ ಮಾಡುವ ಇನ್ನೊಂದು ಪ್ರಯೋಗದಲ್ಲಿ ಕಣ್ಣಿಗೆ ಕಟ್ಟುತ್ತದೆ. ಆಮ್ಲಜನಕ ಬರುವ ಕೊಳವೆಯನ್ನು ತಿರುಗಿಸಿ ಅದರ ಬದಲು ಸಾರಜನಕ ಹಾಯಿಸುತ್ತೇವೆ. ಕೆಲವೇ ನಿಮಿಷಗಳಲ್ಲಿ ತೆರೆಯ ಮೇಲಿನ ತಗ್ಗು ಆಳ ಕಳೆದುಕೊಳ್ಳುತ್ತ ಕೊನೆಗೆ ರೇಖೆ ಸಪಾಟಾಗುತ್ತದೆ. ಮೊದಲ ಸಲ ನೋಡುವವರು ಹೋಳು ಸತ್ತೇಹೋಯಿತು ಎಂದುಕೊಳ್ಳುತ್ತಾರೆ. ಆಮ್ಲಜನಕವನ್ನು ಮರಳಿ ಕೊಟ್ಟರೆ ತಗ್ಗು ಮತ್ತೆ ಮೂಡುತ್ತದೆ. ಈಗ ಇದನ್ನೇ ಡಿಪಿಸಿಪಿಎಕ್ಸ್ ಇರುವಾಗ ಮಾಡಿದರೆ, ಆಮ್ಲಜನಕ ನಿಂತ ಮೇಲೂ ಸೈನಾಪ್ಸ್‌ಗಳು ಬಹಳ ಹೊತ್ತು ಉತ್ತರಿಸುತ್ತಲೇ ಇರುತ್ತವೆ. ಅಂದರೆ ಮೊದಲ ಸಲ ಅವು ಮೌನವಾದದ್ದು ಶಕ್ತಿ ಬತ್ತಿ ಅಲ್ಲ. ಶಕ್ತಿ ಬತ್ತೀತು ಎಂದು ಮೊದಲೇ ಬಾಯಿ ಮುಚ್ಚಿಕೊಂಡಿದ್ದವು. ಮಿದುಳಿನ ಶಕ್ತಿಯ ಖರ್ಚಿನಲ್ಲಿ ಬಹುಪಾಲು ಸೈನಾಪ್ಸ್‌ಗಳ ಸಂದೇಶ ವಿನಿಮಯಕ್ಕೇ ಹೋಗುತ್ತದೆ. ಅದನ್ನು ನಿಲ್ಲಿಸಿದರೆ ಉಳಿದದ್ದು ಜೀವ ಹಿಡಿದುಕೊಳ್ಳಲು ಒದಗುತ್ತದೆ.

ಮೂರ್ಛೆರೋಗದ ಸೆಳೆತ ತಾನಾಗಿಯೇ ನಿಲ್ಲುವುದರಲ್ಲೂ ಇದರ ಕೈ ಇದೆ. 1992ರಲ್ಲಿ ಡ್ಯೂರಿಂಗ್ ಮತ್ತು ಸ್ಪೆನ್ಸರ್, ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿದ್ದ ಮೂರ್ಛೆರೋಗಿಗಳ ಹಿಪೊಕ್ಯಾಂಪಸ್‌ನಿಂದ ಸೂಕ್ಷ್ಮ ನಳಿಕೆಯ ಮೂಲಕ ದ್ರವದ ಮಾದರಿ ತೆಗೆದು ನೋಡಿದರು. ಸೆಳೆತದ ಸಮಯದಲ್ಲಿ ಅಡೆನೋಸಿನ್ ಹಲವು ಪಟ್ಟು ಏರಿತ್ತು ಮತ್ತು ಸೆಳೆತ ನಿಂತ ಮೇಲೂ ಕೆಲಹೊತ್ತು ಏರಿಯೇ ಇತ್ತು. ಮಿದುಳು ತನ್ನ ಮದ್ದನ್ನು ತಾನೇ ತಯಾರಿಸಿಕೊಂಡಿತ್ತು. ಇದರ ಬೆನ್ನು ಹತ್ತಿದ ಡೆಟ್ಲೆವ್ ಬೋಯ್ಸನ್ ಮತ್ತಿತರರ ಕೆಲಸದಿಂದ ಇನ್ನೊಂದು ಸಂಗತಿ ಹೊರಬಂದಿದೆ. ಗಾಯಗೊಂಡು ಬಿರುಸಾದ ಮಿದುಳಿನ ಭಾಗದಲ್ಲಿ ಆಸ್ಟ್ರೋಸೈಟ್‌ಗಳು ಅಡೆನೋಸಿನ್ ಕೈನೇಸ್ ಅನ್ನು ಅತಿಯಾಗಿ ತಯಾರಿಸುತ್ತವೆ, ಆ ಕಿಣ್ವ ಅಡೆನೋಸಿನ್ ಅನ್ನು ಬಾಚಿಕೊಂಡುಬಿಡುತ್ತದೆ, ಕಡಿವಾಣ ಸಡಿಲವಾಗುತ್ತದೆ. ಸೆಳೆತ ಹುಟ್ಟುವ ಜಾಗದಲ್ಲಿ ಏನೋ ಹೆಚ್ಚಾಗಿದೆ ಎಂದು ಹುಡುಕುವುದು ನಮ್ಮ ರೂಢಿ. ಏನೋ ಕಡಿಮೆಯಾಗಿದೆ ಎಂದು ಹುಡುಕಿದ್ದು ಈ ಕೆಲಸದ ಹೆಚ್ಚುಗಾರಿಕೆ.

ಹಾಗಾದರೆ ಎ1 ಗ್ರಾಹಕವನ್ನು ಎಬ್ಬಿಸುವ ಮಾತ್ರೆ ಕೊಟ್ಟರಾಯಿತಲ್ಲ ಎಂಬ ಪ್ರಶ್ನೆ ಪ್ರತಿ ವರ್ಷ ಯಾರಾದರೂ ಹೊಸ ವಿದ್ಯಾರ್ಥಿ ಕೇಳುತ್ತಾನೆ, ಕೇಳಬೇಕಾದದ್ದೇ. ಉತ್ತರ 1929ರಲ್ಲೇ ಇದೆ. ಅದೇ ಎ1 ಹೃದಯದಲ್ಲೂ ಇದೆ. ಹೃದಯ ಅತಿವೇಗವಾಗಿ ಬಡಿಯುವ ಒಂದು ಬಗೆಯ ತೊಂದರೆಗೆ ತುರ್ತು ವಿಭಾಗದಲ್ಲಿ 6 ಮಿಲಿಗ್ರಾಂ ಅಡೆನೋಸಿನ್ ಅನ್ನು ಥಟ್ಟನೆ ರಕ್ತನಾಳಕ್ಕೆ ಕೊಡುತ್ತಾರೆ, ಸಾಲದಿದ್ದರೆ 12. ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಸಂಕೇತ ಹಾಯುವ ಗಂಟು ಕೆಲ ಸೆಕೆಂಡು ಮುಚ್ಚಿಕೊಂಡು, ತಪ್ಪಿದ ಲಯ ಮತ್ತೆ ಸರಿಗೆ ಬರುತ್ತದೆ. ಆ ಸೆಕೆಂಡುಗಳಲ್ಲಿ ಸಾವೇ ಬಂದಂತಾಯಿತು ಎನ್ನುವ ರೋಗಿಗಳಿದ್ದಾರೆ. ಅದೂ ಹತ್ತು ಸೆಕೆಂಡಿನಲ್ಲಿ ಅರ್ಧಕ್ಕಿಳಿಯುವ ವಸ್ತು. ಗಂಟೆಗಟ್ಟಲೆ ಉಳಿಯುವ ಎ1 ಮಾತ್ರೆ ಮಿದುಳಿನ ಸೆಳೆತವನ್ನು ತಡೆಯುವ ಹೊತ್ತಿಗೆ ಹೃದಯವನ್ನೂ ರಕ್ತದೊತ್ತಡವನ್ನೂ ಪಾತಾಳಕ್ಕೆ ತಳ್ಳಿರುತ್ತದೆ. ಎಲ್ಲೆಲ್ಲೂ ಇರುವ ವಸ್ತುವಿನ ಮೇಲೆ ಕೆಲಸ ಮಾಡುವವರ ಪಾಡು ಇದು. ಮೂಲ ಸಂಶೋಧನೆಗೆ ಯಾವುದು ಸೊಗಸೋ ಔಷಧಿಗೆ ಅದೇ ಮುಳುವು.

ಈಗ ನಿದ್ರೆ. 'ಅಡೆನೋಸಿನ್ ದಿನವಿಡೀ ಶೇಖರವಾಗುತ್ತದೆ, ರಾತ್ರಿ ನಿದ್ರೆ ತರಿಸುತ್ತದೆ, ಬೆಳಗ್ಗೆ ಖಾಲಿಯಾಗಿರುತ್ತದೆ' ಎಂಬ ಮೂರು ವಾಕ್ಯಗಳ ಕಥೆಯನ್ನು ನೀವು ಎಲ್ಲಾದರೂ ಓದಿಯೇ ಇರುತ್ತೀರಿ. ಅದು ಸುಳ್ಳಲ್ಲ. 1997ರಲ್ಲಿ ಟಾರ್ಯಾ ಪೊರ್ಕ್ಕಾ-ಹೈಸ್ಕನೆನ್, ರಾಬರ್ಟ್ ಮ್ಯಾಕಾರ್ಲಿ ಮತ್ತು ಸಂಗಡಿಗರು ಬೆಕ್ಕುಗಳನ್ನು ಆಟವಾಡಿಸುತ್ತ ಆರು ಗಂಟೆ ಎಚ್ಚರವಾಗಿರಿಸಿ, ಮುಮ್ಮಿದುಳಿನ ಬುಡದ ಭಾಗದಿಂದ ಮಾದರಿ ತೆಗೆದರು. ಎಚ್ಚರ ಬೆಳೆದಂತೆ ಅಡೆನೋಸಿನ್ ಏರುತ್ತ ಸುಮಾರು ಇಮ್ಮಡಿಯಾಯಿತು, ಬೆಕ್ಕು ಮಲಗಿದ ಮೇಲೆ ನಿಧಾನವಾಗಿ ಇಳಿಯಿತು. ಬಹಳ ಚೆಂದದ ಪ್ರಯೋಗ. ಅದರ ಚೆಂದವೇ ಮುಂದಿನ ಗೊಂದಲಕ್ಕೂ ಕಾರಣ. ಕಥೆ ಅಷ್ಟು ಅಚ್ಚುಕಟ್ಟಾಗಿದ್ದರಿಂದ ಮುಂದೆ ಬಂದ ಅಡ್ಡಿಗಳನ್ನು ಪ್ರಯೋಗಾಲಯದ ಹೊರಗೆ ಯಾರೂ ಕೇಳಿಸಿಕೊಳ್ಳಲಿಲ್ಲ.

ಅಡ್ಡಿಗಳು ಸಣ್ಣವಲ್ಲ. ಎ1 ಗ್ರಾಹಕವೇ ಇಲ್ಲದ ಇಲಿಗಳನ್ನು ಸೃಷ್ಟಿಸಿದಾಗ ಅವು ಹೆಚ್ಚುಕಡಿಮೆ ಎಂದಿನಂತೆಯೇ ಮಲಗಿದವು, ನಿದ್ದೆಗೆಡಿಸಿದ ಮೇಲೆ ಎಂದಿನಂತೆಯೇ ಹೆಚ್ಚುವರಿ ನಿದ್ದೆಯನ್ನೂ ಮಾಡಿದವು. 2020ರಲ್ಲಿ ಅಡೆನೋಸಿನ್ ತಾಗಿದರೆ ಹೊಳೆಯುವ ಹೊಸ ಸಂವೇದಕ ಪ್ರೋಟೀನ್ ಬಳಸಿ ಇಲಿಗಳ ಅದೇ ಮುಮ್ಮಿದುಳಿನ ಬುಡವನ್ನು ಕ್ಷಣ ಕ್ಷಣಕ್ಕೂ ನೋಡಲು ಸಾಧ್ಯವಾಯಿತು. ಹಳೆಯ ವಿಧಾನದಲ್ಲಿ ಹಲವು ನಿಮಿಷಗಳ ದ್ರವವನ್ನು ಕೂಡಿಹಾಕಿ ಒಂದು ಅಂಕಿ ಪಡೆಯಬೇಕಿತ್ತು. ಹೊಸ ಕಣ್ಣಿಗೆ ಕಂಡದ್ದು ದಿನವಿಡೀ ತುಂಬುತ್ತ ಹೋಗುವ ನಿಧಾನದ ಏರಿಕೆಯೊಂದೇ ಅಲ್ಲ. ಎಚ್ಚರವಾದಾಗ ಅಡೆನೋಸಿನ್ ಚಟ್ಟನೆ ಏರುತ್ತದೆ, ಗಾಢ ನಿದ್ರೆಗೆ ಜಾರಿದಾಗ ಇಳಿಯುತ್ತದೆ. ಕನಸುಗಳ ನಿದ್ರೆಯಲ್ಲಿ, ಅಂದರೆ ಕಣ್ಣುಗುಡ್ಡೆ ವೇಗವಾಗಿ ಚಲಿಸುವ ಹಂತದಲ್ಲಿ, ಎಚ್ಚರಕ್ಕಿಂತಲೂ ಮೇಲೇರುತ್ತದೆ! ಅದನ್ನು ಬಿಡುಗಡೆ ಮಾಡಿಸುವಲ್ಲಿ ಗ್ಲುಟಮೇಟ್ ಬಳಸುವ ನರಕೋಶಗಳದ್ದೇ ದೊಡ್ಡ ಪಾಲು. ದಣಿವಿನ ರಾಸಾಯನಿಕ ಎಂದು ಕರೆಯುವವರು ಈ ಕನಸಿನ ಹಂತದ ಏರಿಕೆಯನ್ನು ಏನೆಂದು ಕರೆಯುತ್ತಾರೋ ಕಾಣೆ. ನನ್ನ ಓದು ಇಷ್ಟು: ಅಡೆನೋಸಿನ್ ಅಳೆಯುವುದು ಎಷ್ಟು ಹೊತ್ತಾಯಿತು ಎಂಬುದನ್ನಲ್ಲ, ಎಷ್ಟು ಕೆಲಸವಾಗುತ್ತಿದೆ ಎಂಬುದನ್ನು. ಹೊತ್ತಿನ ಲೆಕ್ಕ ಬೇರೆಡೆ, ಬಹುಶಃ ಗ್ರಾಹಕಗಳ ಸಂಖ್ಯೆಯಲ್ಲೇ ದಾಖಲಾಗುತ್ತದೆ.

ಹಾಗೆನ್ನಲು ಕಾರಣವಿದೆ. ಜರ್ಮನಿಯ ಯೂಲಿಷ್‌ನಲ್ಲಿ ಎಲ್ಮೆನ್‌ಹೋರ್ಸ್ಟ್ ಮತ್ತು ಸಂಗಡಿಗರು ವಿಕಿರಣಶೀಲ ಗುರುತುವಸ್ತುವಿನ ಜಾಡು ಹಿಡಿಯುವ ಪೆಟ್ ಸ್ಕ್ಯಾನ್ ಮೂಲಕ ಮನುಷ್ಯರ ಮಿದುಳಿನಲ್ಲೇ ಎ1 ಗ್ರಾಹಕಗಳನ್ನು ಎಣಿಸುವ ಕೆಲಸ ಮಾಡಿದ್ದಾರೆ. 24 ಗಂಟೆ ನಿದ್ದೆಗೆಟ್ಟವರಲ್ಲಿ ಲಭ್ಯ ಗ್ರಾಹಕಗಳು ಹೆಚ್ಚಿದ್ದವು ಎಂದು 2007ರಲ್ಲಿ ತೋರಿಸಿದರು. 52 ಗಂಟೆಗಳ ಎಚ್ಚರದಿಂದ ಏರಿದ್ದು ಒಂದು ದೀರ್ಘ ನಿದ್ರೆಯಿಂದ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ ಎಂದು 2017ರಲ್ಲಿ ತೋರಿಸಿದರು. ಅಡೆನೋಸಿನ್ ಅಷ್ಟೇ ಇದ್ದರೂ ಅದನ್ನು ಕೇಳಿಸಿಕೊಳ್ಳುವ ಕಿವಿಗಳು ಹೆಚ್ಚಾದರೆ ಪರಿಣಾಮ ಹೆಚ್ಚುತ್ತದೆ. ನಿದ್ದೆಯ ಒತ್ತಡ ಎಂಬುದನ್ನು ನಾನು ಹುಡುಕುವುದಾದರೆ ಅಲ್ಲಿ ಹುಡುಕುತ್ತೇನೆ.

ಕಾಫಿಯ ಮಾತು ತಪ್ಪಿಸಿಕೊಳ್ಳುವಂತಿಲ್ಲ. ಕೆಫೀನ್ ಎ1 ಮತ್ತು ಎ2ಎ ಎರಡನ್ನೂ ಮುಚ್ಚುತ್ತದೆ. ಆದರೆ ಎಚ್ಚರ ತರುವುದು ಯಾವುದರ ಮೂಲಕ? 2005ರಲ್ಲಿ ಜಪಾನಿನ ಒಸಾಕಾದ ತಂಡವೊಂದು ಉತ್ತರ ಕೊಟ್ಟಿತು. ಎ1 ಇಲ್ಲದ ಇಲಿಗಳಿಗೆ ಕೆಫೀನ್ ಕೊಟ್ಟರೆ ಎಂದಿನಂತೆ ಎಚ್ಚರವಾದವು. ಎ2ಎ ಇಲ್ಲದ ಇಲಿಗಳ ಮೇಲೆ ಕೆಫೀನ್‌ನ ಆಟವೇನೂ ನಡೆಯಲಿಲ್ಲ. ಎಲ್ಲೆಡೆ ಹರಡಿದ ಎ1 ಅಲ್ಲ, ಒಂದು ಮೂಲೆಯಲ್ಲಿ ಕಿಕ್ಕಿರಿದ ಎ2ಎ ಎಂಬುದು ಹಲವರಿಗೆ ಅಚ್ಚರಿಯಾಗಿತ್ತು. ಮನುಷ್ಯರಲ್ಲೂ ಎ2ಎ ವಂಶವಾಹಿಯ ವ್ಯತ್ಯಾಸಕ್ಕೂ ಕೆಫೀನ್ ಯಾರ ನಿದ್ದೆಯನ್ನು ಎಷ್ಟು ಕೆಡಿಸುತ್ತದೆ ಎಂಬುದಕ್ಕೂ ಸಂಬಂಧ ಕಂಡಿದೆ. ರಾತ್ರಿಯೂಟದ ಮೇಲೆ ಕಾಫಿ ಕುಡಿದು ಗೊರಕೆ ಹೊಡೆಯುವವರು ಸುಳ್ಳು ಹೇಳುತ್ತಿಲ್ಲ.

ದೇಹದಲ್ಲಿ ಕೆಫೀನ್‌ನ ಅರ್ಧಾಯುಷ್ಯ ಆರೋಗ್ಯವಂತ ವಯಸ್ಕರಲ್ಲಿ ಸರಾಸರಿ 5 ಗಂಟೆ. ಧೂಮಪಾನಿಗಳಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಗರ್ಭಿಣಿಯರಲ್ಲಿ ಬಹಳ ಹಿಗ್ಗುತ್ತದೆ, ನವಜಾತ ಶಿಶುಗಳಲ್ಲಿ ಮೂರು ನಾಲ್ಕು ದಿನವಾಗುತ್ತದೆ. ದಿನ ತುಂಬುವ ಮೊದಲೇ ಹುಟ್ಟಿದ, ಉಸಿರಾಟ ಆಗಾಗ ನಿಲ್ಲುವ ಶಿಶುಗಳಿಗೆ ಕೆಫೀನ್ ಅನ್ನೇ ಔಷಧಿಯಾಗಿ ಕೊಡುತ್ತಾರೆ ಎಂಬುದು ಕಾಫಿಪ್ರಿಯರಿಗೂ ಗೊತ್ತಿರುವುದಿಲ್ಲ. ಮಲಗುವ 6 ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ಸೇವಿಸಿದವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿತವಾದದ್ದನ್ನು 2013ರ ಅಧ್ಯಯನವೊಂದು ಅಳೆದಿದೆ. ದಿನಾ ಕುಡಿಯುವವರಲ್ಲಿ ಕೆಫೀನ್‌ನ ಪರಿಣಾಮ ಮೊಂಡಾಗುತ್ತದೆ. ಪ್ರಾಣಿಗಳಲ್ಲಿ ನೋಡಿದರೆ ಸತತ ಕೆಫೀನ್‌ನಿಂದ ಎ1 ಗ್ರಾಹಕಗಳೂ ಹೆಚ್ಚುತ್ತವೆ. ಒಮ್ಮೆಲೇ ಬಿಟ್ಟರೆ ಅಷ್ಟೂ ಗ್ರಾಹಕಗಳಿಗೆ ಅಡೆನೋಸಿನ್ ಬಿಡುವಿಲ್ಲದೆ ಸಿಗುತ್ತದೆ, ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ, ಒಂದು ದಿನದೊಳಗೆ ತಲೆನೋವು ಹಾಜರು. ಎಷ್ಟು ಗಂಟೆಗೆ ಕೊನೆಯ ಲೋಟ ಎಂಬ ಪ್ರಶ್ನೆಗೆ ನನ್ನಲ್ಲಿ ಇದಕ್ಕಿಂತ ಗಹನವಾದ ಉತ್ತರವಿಲ್ಲ.

ಎ2ಎ ಕಿಕ್ಕಿರಿದ ಸ್ಟ್ರಯೇಟಮ್ ಚಲನೆಯ ನಿಯಂತ್ರಣದ ಕೇಂದ್ರಗಳಲ್ಲೊಂದು. ಅಲ್ಲಿ ಚಲನೆಯನ್ನು ತಡೆಯುವ ದಾರಿಗೆ ಸೇರಿದ ನರಕೋಶಗಳಲ್ಲಿ ಎ2ಎ ಮತ್ತು ಡೋಪಮೈನ್‌ನ ಡಿ2 ಗ್ರಾಹಕ ಒಂದೇ ಪೊರೆಯಲ್ಲಿ ಅಕ್ಕಪಕ್ಕ ಇವೆ. ಡಿ2 ಕೋಶವನ್ನು ತಣ್ಣಗಾಗಿಸುತ್ತದೆ, ಎ2ಎ ಕೆಣಕುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮೈನ್ ಕುಸಿದಾಗ ಎ2ಎಗೆ ಎದುರಾಳಿಯೇ ಇಲ್ಲದಂತಾಗಿ ತಡೆಯ ದಾರಿ ಮೇಲುಗೈ ಪಡೆಯುತ್ತದೆ. ಹಾಗಾದರೆ ಎ2ಎಯನ್ನು ಮುಚ್ಚಿ ನೋಡಬಾರದೇಕೆ? ಹವಾಯಿಯ 8,004 ಜಪಾನಿ ಮೂಲದ ಪುರುಷರನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನವೊಂದು, ಕಾಫಿ ಹೆಚ್ಚು ಕುಡಿಯುವವರಲ್ಲಿ ಪಾರ್ಕಿನ್ಸನ್ ಕಡಿಮೆ ಎಂದು 2000ದಲ್ಲಿ ವರದಿ ಮಾಡಿದ ಮೇಲೆ ಈ ಆಸೆಗೆ ಗಾಳಿ ಬಿತ್ತು. ಕಾಫಿಯೇ ಕಾಯಿಲೆಯನ್ನು ತಡೆಯಿತು ಎಂದು ಇಂಥ ಅಧ್ಯಯನದಿಂದ ಹೇಳಲಾಗದು, ಆದರೆ ಔಷಧಿ ಕಂಪನಿಗಳ ಕಿವಿ ನೆಟ್ಟಗಾಗಲು ಅಷ್ಟು ಸಾಕಾಯಿತು.

ಮುಂದಿನದು ಏರುಪೇರಿನ ಕಥೆ. 2008ರಲ್ಲಿ ಎ2ಎಯ ಮೂರು ಆಯಾಮದ ರಚನೆ 2.6 ಆಂಗ್‌ಸ್ಟ್ರಮ್ ಸ್ಪಷ್ಟತೆಯಲ್ಲಿ ಸಿಕ್ಕಿತು. ಎ2ಎಯನ್ನು ಮುಚ್ಚುವ ಪ್ರೆಲಡೆನಂಟ್ ಎಂಬ ಔಷಧಿ ಮೂರನೇ ಹಂತದ ಪ್ರಯೋಗಗಳಲ್ಲಿ ಸೋತಿತು. ಅದೇ ಬಗೆಯ ಟೊಜಡೆನಂಟ್‌ನ ಪ್ರಯೋಗವನ್ನು 2017ರಲ್ಲಿ ರಕ್ತಕಣಗಳ ಗಂಭೀರ ಕುಸಿತ ಮತ್ತು ಸಾವುಗಳ ಕಾರಣ ನಿಲ್ಲಿಸಬೇಕಾಯಿತು. ಇಸ್ಟ್ರಡೆಫಿಲಿನ್ ಒಂದೇ ದಡ ಸೇರಿತು: ಜಪಾನಿನಲ್ಲಿ 2013ರಲ್ಲಿ, ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಪಡೆಯಿತು. ಯುರೋಪಿನ ಔಷಧಿ ನಿಯಂತ್ರಣ ಸಂಸ್ಥೆ 2021ರಲ್ಲಿ ಒಪ್ಪಿಗೆ ನಿರಾಕರಿಸಿತು. ಪಾರ್ಕಿನ್ಸನ್‌ನ ಮುಖ್ಯ ಔಷಧಿಯಾದ ಲೆವೊಡೋಪಾ ಜೊತೆಗೆ ಇದನ್ನು ಕೊಟ್ಟಾಗ, ಔಷಧಿಯ ಪ್ರಭಾವ ಇಳಿದು ರೋಗಿ ಬಿಗಿದುಕೊಳ್ಳುವ ಹೊತ್ತು ದಿನಕ್ಕೆ ಸರಾಸರಿ ಒಂದು ಗಂಟೆಯ ಆಸುಪಾಸು ಕಡಿಮೆಯಾಗುತ್ತದೆ. ಇಷ್ಟು ವರ್ಷಗಳ ಸಂಶೋಧನೆಯ ಫಲ ಒಂದು ಗಂಟೆಯೇ ಎಂದು ಮೂಗು ಮುರಿಯುವವರನ್ನು ಸಮ್ಮೇಳನಗಳಲ್ಲಿ ಕಂಡಿದ್ದೇನೆ. ಕುರ್ಚಿಯಿಂದ ಏಳಲಾಗದೆ ಕುಳಿತಿರುವವರ ಕಡೆಯಿಂದ ನೋಡಿದರೆ ಆ ಗಂಟೆ ದೊಡ್ಡದು. ನಾನು ಅವರ ಪರ.

ನನ್ನ ಈಗಿನ ಕೆಲಸ ಔಷಧಿಯದ್ದಲ್ಲ, ಅದೇ ಹಳೆಯ ಮೂಲರೇಖೆಯದ್ದು. ಹೋಳಿನಲ್ಲಿ ಅಡೆನೋಸಿನ್ ಎಷ್ಟಿದೆ ಎಂಬುದು ಹೋಳಿನ ದಪ್ಪ, ಉಷ್ಣತೆ, ದ್ರಾವಣ ಹರಿಯುವ ವೇಗ ಇವೆಲ್ಲವುಗಳಿಂದ ಬದಲಾಗುತ್ತದೆ. ಅದರ ಜೊತೆಗೆ ಇನ್ನೊಂದಿದೆ. ಇಲಿಗಳು ನಿಶಾಚರಿಗಳು, ಬೆಳಕಿರುವಾಗ ಮಲಗುತ್ತವೆ. ನಾವು ಬೆಳಗ್ಗೆ ಪ್ರಯೋಗಾಲಯಕ್ಕೆ ಬರುವ ಹೊತ್ತು ಅವು ನಿದ್ದೆಗೆ ಜಾರುವ ಹೊತ್ತು. ಪಂಜರ ಎತ್ತಿ ಒಂದು ಕೋಣೆಯಿಂದ ಇನ್ನೊಂದಕ್ಕೆ ತರುವುದು, ತೂಕ ನೋಡುವುದು, ಕಾಯಿಸುವುದು, ಇದರಲ್ಲೆಲ್ಲ ಅವುಗಳ ನಿದ್ದೆ ಎಷ್ಟು ಕೆಟ್ಟಿತು ಎಂದು ಕೇಳುವವರಿಲ್ಲ. ಪ್ರಬಂಧಗಳ ವಿಧಾನ ವಿಭಾಗದಲ್ಲಿ ಇಲಿಯ ತಳಿ, ವಯಸ್ಸು, ಲಿಂಗ ಇರುತ್ತದೆ. ಎಷ್ಟು ಹೊತ್ತು ಎಚ್ಚರವಾಗಿತ್ತು ಎಂಬುದು ಬಹುತೇಕ ಇರುವುದಿಲ್ಲ. ನೆನಪು, ಕಲಿಕೆ ಎಂದು ಯಾವುದರ ಬಗೆಗಾದರೂ ಹಿಪೊಕ್ಯಾಂಪಸ್ ಹೋಳಿನಲ್ಲಿ ಅಳೆದ ಅಂಕಿಗಳೊಳಗೆ ಆ ಎಚ್ಚರದ ಪಾಲು ಸೇರಿಕೊಂಡಿರಬಹುದು ಎಂಬುದೇ ನನ್ನ ಗುಮಾನಿ.

ಹಾಗಾಗಿ ಎರಡು ಗುಂಪು ಮಾಡಿದ್ದೇವೆ: ತಾವಾಗಿ ಮಲಗಿ ಎದ್ದವು, ಹೊಸ ಹೊಸ ವಸ್ತುಗಳನ್ನು ಪಂಜರದೊಳಗಿಟ್ಟು ಎಚ್ಚರವಾಗಿರಿಸಿದವು. ಎರಡರ ಹೋಳಿಗೂ ಡಿಪಿಸಿಪಿಎಕ್ಸ್ ಹಾಕಿ ತಗ್ಗು ಎಷ್ಟು ಆಳವಾಗುತ್ತದೆ ಎಂದು ಹೋಲಿಸುತ್ತೇವೆ. ಎಚ್ಚರವಾಗಿರಿಸುವುದೇ ಒಂದು ಕಿರುಕುಳ, ನೀವು ಅಳೆಯುತ್ತಿರುವುದು ನಿದ್ದೆಗೇಡನ್ನೋ ಕಿರುಕುಳವನ್ನೋ ಎಂದು ಪಕ್ಕದ ಪ್ರಯೋಗಾಲಯದ ಗೆಳತಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಅದಕ್ಕಾಗಿ ಮೂರನೆಯ ಗುಂಪು ಸೇರಿದೆ: ಅವುಗಳಿಗೂ ಅಷ್ಟೇ ವಸ್ತುಗಳು, ಅಷ್ಟೇ ಗಡಿಬಿಡಿ, ಆದರೆ ಅವು ಹೇಗಿದ್ದರೂ ಎಚ್ಚರವಿರುವ ಕತ್ತಲೆಯ ಹೊತ್ತಿನಲ್ಲಿ, ಆಮೇಲೆ ಮಲಗಲು ಬಿಡುವು. ಹೊಸ ವೇಳಾಪಟ್ಟಿಯಲ್ಲಿ ಕತ್ತಲೆಯ ಪಾಳಿ ನನ್ನ ಪಾಲಿಗೆ ಬಂದಿದೆ. ಪಾಳಿಯಲ್ಲಿರುವವರು ಎಷ್ಟು ಕಾಫಿ ಕುಡಿಯಬಹುದು ಎಂಬ ಬಗ್ಗೆ ಪ್ರಯೋಗದ ನಿಯಮಾವಳಿ ಏನನ್ನೂ ಹೇಳಿಲ್ಲ.